ಎಲ್ಲರಿಗೂ ಓದಲು ಬರುವ ಆಮಂತ್ರಣ ಪತ್ರಿಕೆ

ಪ್ರಶ್ನೆ: ನಮ್ಮ ಕನ್ನಡ ಸಂಘದ ಆಮಂತ್ರಣ ಪತ್ರಿಕೆಗಳನ್ನು ನಾನೇ ವಿನ್ಯಾಸ ಮಾಡುತ್ತೇನೆ. ರಾಜ್ಯೋತ್ಸವಕ್ಕೆ ಹಳದಿಯ ಮೇಲೆ ಕೆಂಪು ಅಕ್ಷರಗಳ ಪತ್ರಿಕೆಯನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದಾಗ, ದೃಷ್ಟಿಯಿಲ್ಲದ ಹಿರಿಯ ಸದಸ್ಯರೊಬ್ಬರು ತಮ್ಮ ಫೋನು ಅದನ್ನು ಓದಿ ಹೇಳಲಿಲ್ಲವೆಂದರು. ದೃಷ್ಟಿ ಮಂದವಾದ ಕೆಲವರಿಗೆ ಅಕ್ಷರಗಳು ಕಲಸಿಕೊಂಡಂತೆ ಕಂಡವಂತೆ. ಅಂದ ಕೆಡದಂತೆ ಇದನ್ನು ಸರಿಪಡಿಸುವುದು ಹೇಗೆ?
– ಓದುಗರು, ಡೊಂಬಿವಲಿ ಪೂರ್ವ

ಉತ್ತರ: ಪತ್ರಿಕೆಯನ್ನು ಚಿತ್ರವಾಗಿ ಉಳಿಸಿದ ಕೂಡಲೇ ಅದರೊಳಗಿನ ಬರಹ ಫೋನಿನ ಪಾಲಿಗೆ ಬರಿಯ ಬಣ್ಣದ ಚುಕ್ಕೆಗಳಾಗುತ್ತದೆ. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್, ಕಂಪ್ಯೂಟರಿನ ಎನ್‌ವಿಡಿಎ ಮುಂತಾದ ತಂತ್ರಾಂಶಗಳು ಸರಿಯಾಗಿ ಓದಿ ಹೇಳಬೇಕಾದರೆ ಅವುಗಳಿಗೆ ಪಠ್ಯವೇ ಸಿಗಬೇಕು. ಆದ್ದರಿಂದ ಚಿತ್ರದ ಜೊತೆಯಲ್ಲೇ ದಿನಾಂಕ, ವೇಳೆ, ಸ್ಥಳ, ಅತಿಥಿಗಳ ಹೆಸರುಗಳನ್ನು ಯೂನಿಕೋಡ್ (ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಜಾಗತಿಕ ವ್ಯವಸ್ಥೆ) ಕನ್ನಡದಲ್ಲಿ ಟೈಪ್ ಮಾಡಿ ಕಳುಹಿಸಿ. ಯೂನಿಕೋಡ್ ಎಂದು ಒತ್ತಿ ಹೇಳಲು ಕಾರಣವಿದೆ: ಮುದ್ರಣದ ಕೆಲಸದಲ್ಲಿ ಇಂದಿಗೂ ಉಳಿದಿರುವ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ರೋಮನ್ ಅಕ್ಷರ, ಚಿಹ್ನೆಗಳ ಸಂಕೇತಗಳನ್ನೇ ಹೊತ್ತಿರುವುದರಿಂದ, ಅಂಥ ಪಿಡಿಎಫ್ ಕಳುಹಿಸಿದರೆ ಕೇಳುವವರಿಗೆ ಅರ್ಥವಿಲ್ಲದ ಸದ್ದುಗಳಷ್ಟೇ ಕೇಳಿಸುತ್ತವೆ.

ಬಣ್ಣಗಳನ್ನು ನೀವು ಕೈಬಿಡಬೇಕಾಗಿಲ್ಲ. ಜಾಲತಾಣಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕೆಂದು ರೂಪಿಸಿದ ಅಂತರರಾಷ್ಟ್ರೀಯ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ (ಮೂರರಲ್ಲಿ ನಡುವಿನ) ಮಟ್ಟದ ಪ್ರಕಾರ ಸಾಧಾರಣ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅನುಪಾತ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಇರಬೇಕು. ಪತ್ರಿಕೆಗೂ ಇದೇ ಒಳ್ಳೆಯ ಅಳತೆ. ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪು ಬಳಸಿದಾಗ ಸಿಗುವುದು ಸುಮಾರು 3.7:1, ಅಂದರೆ ಶೀರ್ಷಿಕೆಗೆ ಸಾಕು, ಕಾರ್ಯಕ್ರಮದ ವಿವರಗಳಿಗೆ ಸಾಲದು. ಆ ಕೆಂಪನ್ನು ಗಾಢ ಕುಂಕುಮದ ಬಣ್ಣಕ್ಕೆ ತಿರುಗಿಸಿದರೆ ನಾಡಧ್ವಜದ ನೆನಪೂ ಉಳಿಯುತ್ತದೆ, ಅನುಪಾತವೂ 4.5ನ್ನು ಸುಲಭವಾಗಿ ದಾಟುತ್ತದೆ.

ವಿನ್ಯಾಸಕಾರರು ಹೆಚ್ಚಾಗಿ ಮರೆಯುವುದು ನಮ್ಮ ಲಿಪಿಯ ಸ್ವಭಾವವನ್ನು. ಎಳೆ ತೆಳುವಾದ ಫಾಂಟಿನಲ್ಲಿ ‘ಮ’ ಮತ್ತು ‘ವ’, ‘ಪ’ ಮತ್ತು ‘ಷ’, ‘ಬ’ ಮತ್ತು ‘ಭ’ಗಳನ್ನು ಬೇರ್ಪಡಿಸುವ ಸಣ್ಣ ಗೀಟುಗಳೇ ಮೊದಲು ಮಾಯವಾಗುತ್ತವೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ಇಂಗ್ಲಿಷಿಗೆ ಹೊಂದುವ ಸಾಲಂತರವನ್ನೇ ಕನ್ನಡಕ್ಕೂ ಇಟ್ಟರೆ ಅವು ಕೆಳಗಿನ ಸಾಲಿನ ಗುಣಿತಚಿಹ್ನೆಗಳಿಗೆ ತಾಗುತ್ತವೆ. ನಿಮ್ಮ ಸದಸ್ಯರಿಗೆ ಅಕ್ಷರಗಳು ಕಲಸಿಕೊಂಡಂತೆ ಕಂಡದ್ದಕ್ಕೆ ಬಣ್ಣದಷ್ಟೇ ಇದೂ ಕಾರಣವಾಗಿರಬಹುದು. ಸಾಲಂತರವನ್ನು ಧಾರಾಳವಾಗಿ ಬಿಡಿ, ಜಾಗ ಸಾಲದಿದ್ದರೆ ಪದಾಧಿಕಾರಿಗಳ ಭಾವಚಿತ್ರಗಳನ್ನು ಕಡಿಮೆ ಮಾಡಿ.

ಸಭಾಂಗಣವು ನಿಲ್ದಾಣದ ಪೂರ್ವಕ್ಕಿದೆಯೋ ಪಶ್ಚಿಮಕ್ಕಿದೆಯೋ, ಮೆಟ್ಟಿಲುಗಳೆಷ್ಟು, ಲಿಫ್ಟ್ ಅಥವಾ ಗಾಲಿಕುರ್ಚಿಗೆ ಇಳಿಜಾರು ದಾರಿ ಇದೆಯೇ ಎಂಬುದನ್ನೂ ಪತ್ರಿಕೆಯಲ್ಲಿ ತಪ್ಪದೆ ನಮೂದಿಸಿ.