ಮುಂದಿನ ಮಾತುಕತೆಗೆ ತಮ್ಮನೂ ಹೋಗಲಿ

ತಂಗಿ, ನಿಮ್ಮ ಕಾಗದ ಓದಿದ ಮೇಲೆ ಉಳಿದವನ್ನು ಒಡೆಯಲು ಮನಸ್ಸೇ ಬರಲಿಲ್ಲ. ಗಂಡ, ತಮ್ಮ ಇಬ್ಬರಿಗೂ ಒಂದೇ ಗಣಿಯಲ್ಲಿ ಕೆಲಸ. ಮೂರು ತಿಂಗಳಿಂದ ಸಂಬಳವಿಲ್ಲ. ಮಣ್ಣು ಕುಸಿದು ಸತ್ತವನ ಮನೆಗೆ ಪರಿಹಾರ ಬಂದಿಲ್ಲ. ಕೇಳಲು ಹೋದವರ ಕೆಲಸವೇ ಹೋಯಿತು. ನಿಮ್ಮವರು ಸಂಘದ ಕಡೆಯಿಂದ ಮಾತುಕತೆಗೆ ಹೋಗುತ್ತಾರೆ. ತಮ್ಮ ಮತ್ತು ಅವನ ಜೊತೆಗಾರರು ಬಂದೂಕು ಹೊಂದಿಸುವ ಮಾತಾಡುತ್ತಿದ್ದಾರೆ. ಭಾವ, ಮೈದುನ ಈಗ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತು ಉಣ್ಣುತ್ತಾರೆ. ಯಾರ ಪರ ನಿಲ್ಲಲಿ ಅಂತ ಕೇಳಿದ್ದೀರಿ.

ಬಂದೂಕು ಬೇಡ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ತಮ್ಮನ ಸಿಟ್ಟು ಸುಳ್ಳು ಅಂತಲ್ಲ, ಆ ದಾರಿಯಲ್ಲಿ ಹೋದವರಿಗೆ ಏನಾಯಿತು ಅಂತ ಗೊತ್ತಿರುವುದಕ್ಕೆ ಹೇಳುತ್ತಿದ್ದೇನೆ. 1921ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಸುಮಾರು 10,000 ಕಲ್ಲಿದ್ದಲು ಗಣಿ ಕಾರ್ಮಿಕರು ಬಂದೂಕು ಹಿಡಿದು ಬ್ಲೇರ್ ಬೆಟ್ಟದ ಕಡೆ ಹೊರಟರು. ಅವರ ಕಡೆ ನ್ಯಾಯವಿತ್ತು. ಆದರೆ ಸರ್ಕಾರ ಸೈನ್ಯ ಕಳಿಸಿತು. ನೂರಾರು ಜನರ ಮೇಲೆ ಕೇಸು ಬಿತ್ತು, ಕೆಲವರ ಮೇಲೆ ದೇಶದ್ರೋಹದ ಆರೋಪ. ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಸಂಘ ತಲೆ ಎತ್ತಲಿಲ್ಲ. ಅಲ್ಲಿಯವರೆಗೆ ಜನರ ಕಣ್ಣಿಗೆ ತಪ್ಪಿತಸ್ಥನಾಗಿದ್ದ ಮಾಲೀಕ, ಮೊದಲ ಗುಂಡು ಹಾರಿದ ಕ್ಷಣದಿಂದ ರಕ್ಷಣೆ ಬೇಡುವವನಾಗುತ್ತಾನೆ.

ಆದರೂ ನನ್ನ ಮನಸ್ಸು ವಾಲುವುದು ತಮ್ಮನ ಕಡೆಗೇ. ಕಾರಣ ನಿಮ್ಮ ಕಾಗದದಲ್ಲೇ ಇದೆ. ಮೂರನೇ ಪುಟದಲ್ಲಿ, ಹೋಗುತ್ತಾ ಹೋಗುತ್ತಾ ಒಂದು ಸಾಲು ಬರೆದಿದ್ದೀರಿ: "ನಮ್ಮವರು ಮಾತುಕತೆ ಮುಗಿಸಿ ಬಂದ ಮೇಲೆ ಏನಾಯಿತು ಅಂತ ಯಾರಿಗೂ ಹೇಳುವುದಿಲ್ಲ, ಹುಡುಗರಿಗೆ ಹೇಳಬೇಡ ಅಂತ ಸಂಘದ ಅಧ್ಯಕ್ಷರೇ ಹೇಳಿದ್ದಾರಂತೆ." ಮುಂದಿನ ಸಾಲಿನಲ್ಲೇ ಮಗುವಿನ ಜ್ವರದ ವಿಷಯಕ್ಕೆ ಹೋಗಿಬಿಟ್ಟಿದ್ದೀರಿ. ಅಲ್ಲ ತಂಗಿ, ಜಗಳದ ಬೇರು ಇರುವುದೇ ಆ ಸಾಲಿನಲ್ಲಿ.

ಐದು ಸಲ ಮಾತುಕತೆ ಆಗಿದೆ ಅನ್ನುತ್ತೀರಿ. ಅಷ್ಟೂ ಸಲ ಬಾಗಿಲು ಹಾಕಿತ್ತು. ಒಳಗೆ ಏನು ಕೇಳಿದರು, ಏನು ಬಿಟ್ಟುಕೊಟ್ಟರು, ಸುಮ್ನೆ ಟೀ ಕುಡಿದು ಬಂದರೋ, ಹೊರಗೆ ಬಿಸಿಲಲ್ಲಿ ನಿಂತ ಹುಡುಗರಿಗೆ ಏನು ಗೊತ್ತು? ಮಾತಿನಿಂದ ಏನೂ ಆಗಲ್ಲ ಅಂತ ಅವರು ನಂಬಿದ್ದರೆ, ಮಾತು ಅವರ ಕಿವಿಗೆ ಬೀಳದಂತೆ ನೋಡಿಕೊಂಡವರು ಯಾರು? ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ: ಮನೆಯಾಗಲಿ ಸಂಘವಾಗಲಿ, "ನಿನಗೆ ಗೊತ್ತಾಗಲ್ಲ ಬಿಡು" ಅನ್ನುವ ಹಿರಿಯರಿಂದಲೇ ಅರ್ಧ ಜಗಳ ಹುಟ್ಟುವುದು. ಆ ಅಧ್ಯಕ್ಷರ ಮೇಲೆ ನಿಮಗೆ ತುಂಬಾ ಗೌರವ ಇದೆ. ನನಗೆ ಅವರ ಮೇಲೆ ಸಿಟ್ಟಿದೆ. ನಿಮ್ಮ ಮನೆಯನ್ನು ಎರಡು ಮಾಡಿದವರು ಅವರು.

ಪೋಲೆಂಡಿನ ಗ್ಡಾನ್ಸ್ಕ್ ಊರಿನ ಹಡಗುಕಟ್ಟೆಯ ಕಥೆಯನ್ನು ನಿಮ್ಮವರಿಗೂ ತಮ್ಮನಿಗೂ ಹೇಳಿ. 1970ರ ಡಿಸೆಂಬರ್‌ನಲ್ಲಿ ಬೆಲೆ ಏರಿದ್ದಕ್ಕೆ ಅಲ್ಲಿನ ಕಾರ್ಮಿಕರು ಬೀದಿಗಿಳಿದರು. ಆಳುತ್ತಿದ್ದ ಕಮ್ಯುನಿಸ್ಟ್ ಪಕ್ಷದ ಕಚೇರಿಗೆ ಬೆಂಕಿ ಬಿತ್ತು. ಸೈನ್ಯ ಗುಂಡು ಹಾರಿಸಿತು. ಆ ಕರಾವಳಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. 1980ರ ಆಗಸ್ಟ್‌ನಲ್ಲಿ, ಕ್ರೇನ್ ನಡೆಸುತ್ತಿದ್ದ ಅನ್ನಾ ವಾಲೆಂಟಿನೋವಿಚ್ ಅನ್ನುವ ಹೆಂಗಸನ್ನು ಕೆಲಸದಿಂದ ತೆಗೆದಾಗ, ಕಾರ್ಮಿಕರು ಬೀದಿಗೆ ಹೋಗಲಿಲ್ಲ. ಹಡಗುಕಟ್ಟೆಯ ಒಳಗೇ ಕೂತರು. ಮದ್ಯ ಒಳಗೆ ಬರಬಾರದು ಅಂತ ಕಟ್ಟುನಿಟ್ಟು ಮಾಡಿದರು. 21 ಬೇಡಿಕೆಗಳನ್ನು ಹಲಗೆಯ ಮೇಲೆ ಬರೆದು ಗೇಟಿಗೆ ನೇತುಹಾಕಿದರು. ಉಪಪ್ರಧಾನಿಯೇ ಮಾತಾಡಲು ಬಂದ. ಆ ಮಾತುಕತೆ ಧ್ವನಿವರ್ಧಕದಲ್ಲಿ ಅಂಗಳಕ್ಕೆ ಕೇಳುತ್ತಿತ್ತು. ಸಾವಿರಾರು ಜನ ಹೊರಗೆ ನಿಂತು ಒಂದೊಂದು ಮಾತೂ ಕೇಳಿಸಿಕೊಂಡರು. ಬೇರೆ ಕಾರ್ಖಾನೆಗಳಿಂದ ಬಂದವರು ಟೇಪ್ ಮಾಡಿಕೊಂಡು ಹೋಗಿ ತಮ್ಮವರಿಗೆ ಕೇಳಿಸಿದರು. ಆಗಸ್ಟ್ 31ಕ್ಕೆ ಒಪ್ಪಂದವಾಯಿತು, ಸ್ವತಂತ್ರ ಸಂಘ ಕಟ್ಟುವ ಹಕ್ಕು ಸಿಕ್ಕಿತು. ಮುಂದಿನ ವರ್ಷವೇ ಸೇನಾಡಳಿತ ಹೇರಿ ಆ ಸಂಘವನ್ನು ತುಳಿದರು, ನಿಜ. ಆದರೆ 1989ರಲ್ಲಿ ಸರ್ಕಾರ ಮತ್ತೆ ಅದೇ ಜನರ ಎದುರು ಕೂರಬೇಕಾಯಿತು.

ಇನ್ನೊಂದು ಸಂಗತಿ ಮುಖ್ಯವಾಗಿ ನಿಮಗೆ. ಮುಷ್ಕರ ಶುರುವಾಗಿ ಎರಡೇ ದಿನಕ್ಕೆ ನಾಯಕ ವಾಲೆಸಾ ಸಂಬಳ ಏರಿಕೆಗೆ ಒಪ್ಪಿ, ಮುಷ್ಕರ ಮುಗಿಯಿತು ಅಂದುಬಿಟ್ಟಿದ್ದ. ಜನ ಮನೆಗೆ ಹೊರಟಿದ್ದರು. ಅವರನ್ನು ಗೇಟಿನಲ್ಲಿ ತಡೆದವರು ಹೆಂಗಸರು: ಆ ಅನ್ನಾ, ನರ್ಸ್ ಅಲೀನಾ ಪಿಯೆಂಕೋವ್ಸ್ಕಾ, ಟ್ರಾಮ್ ಓಡಿಸುತ್ತಿದ್ದ ಹೆನ್ರಿಕಾ ಕ್ಷಿವೊನೋಸ್. ನಮ್ಮನ್ನು ಬೆಂಬಲಿಸಿ ಕೆಲಸ ನಿಲ್ಲಿಸಿದ ಸಣ್ಣ ಕಾರ್ಖಾನೆಯವರ ಗತಿ ಏನು ಅಂತ ಅವರ ತಕರಾರು. ಅವರು ಸುಮ್ಮನಿದ್ದಿದ್ದರೆ ಆ 21 ಬೇಡಿಕೆ ಇರುತ್ತಲೇ ಇರಲಿಲ್ಲ. ನೀವು "ನಾನು ಹೆಂಗಸು, ನಡುವೆ ಬಾಯಿ ಹಾಕಬಹುದಾ" ಅಂತ ಬರೆದಿದ್ದೀರಲ್ವಾ? ಹಾಕಿ.

ಆದ್ದರಿಂದ ಯಾರ ಪರವೂ ನಿಲ್ಲಬೇಡಿ. ಒಂದೇ ಕೆಲಸ ಮಾಡಿ. ಆರನೇ ಮಾತುಕತೆಗೆ ನಿಮ್ಮವರು ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ, ಆಡಿದ ಮಾತನ್ನೆಲ್ಲ ಅದೇ ಸಂಜೆ ಎಲ್ಲರೆದುರು ಓದಿ ಹೇಳಲಿ. ಬಂದೂಕಿನ ಮಾತು ಪೂರ್ತಿ ಬಿಟ್ಟರೆ ಮಾತ್ರ ತಮ್ಮನಿಗೆ ಆ ಕುರ್ಚಿ. ಈ ಷರತ್ತನ್ನು ನೀವೇ ಅವನಿಗೆ ಹೇಳಿ, ಅಕ್ಕನ ಮಾತು ತೆಗೆದುಹಾಕುವ ಹುಡುಗನಂತೆ ಕಾಣುವುದಿಲ್ಲ. ಅಧ್ಯಕ್ಷರು ಒಪ್ಪದಿದ್ದರೆ ಸಂಘದ ಸಭೆಯಲ್ಲೇ ಎದ್ದು ಕೇಳಿ. ಒಬ್ಬರೇ ಹೋಗಬೇಡಿ, ಸತ್ತವನ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.