ಪೌಡರ್ ಹಚ್ಚಿದರೆ ಮುದುಕನಾಗುವುದಿಲ್ಲ: ಲೀ ಜೆ. ಕಾಬ್ ಬಗ್ಗೆ ನಿಮ್ಮ ಪ್ರಶ್ನೆಗಳು

ಅಮೆರಿಕದ ನಟ ಲೀ ಜೆ. ಕಾಬ್ ಬಗ್ಗೆ ಒಮ್ಮೆ ಬರೆದಿದ್ದೇ ತಡ, ಪ್ರಶ್ನೆಗಳು ಬರುತ್ತಲೇ ಇವೆ. ಖುಷಿಯ ವಿಷಯವೇ. ಆದರೆ ಮುಕ್ಕಾಲು ಪಾಲು ಜನ ಒಂದೇ ಪ್ರಶ್ನೆ ಕೇಳುತ್ತಾರೆ, ಅದನ್ನೂ ತಪ್ಪು ಕಡೆಯಿಂದಲೇ ಶುರು ಮಾಡುತ್ತಾರೆ. ಇವತ್ತು ಅದಕ್ಕೆ ಉದ್ದಕ್ಕೇ ಉತ್ತರ ಕೊಡುತ್ತೇನೆ. ದಯವಿಟ್ಟು ಇನ್ನು ಅದನ್ನು ಕೇಳಬೇಡಿ.

ನನಗೆ 28 ವರ್ಷ. ನಮ್ಮ ಹವ್ಯಾಸಿ ತಂಡದಲ್ಲಿ 60 ದಾಟಿದ ಅಪ್ಪನ ಪಾತ್ರ ಸಿಕ್ಕಿದೆ. ಕಾಬ್ 27ರಲ್ಲೇ ಅಪ್ಪನ ಪಾತ್ರ ಮಾಡಿದ್ದರಂತೆ. ಅವರ ಮೇಕಪ್ ಹೇಗಿತ್ತು? ದನಿ ನಡುಗಿಸುವುದಕ್ಕೆ ಏನಾದರೂ ಅಭ್ಯಾಸ ಇದೆಯಾ?

ಹೌದು, ಮಾಡಿದ್ದರು. 1939ರ 'ಗೋಲ್ಡನ್ ಬಾಯ್' ಸಿನಿಮಾದಲ್ಲಿ ವಿಲಿಯಂ ಹೋಲ್ಡನ್‌ಗೆ ಅಪ್ಪ. ಅಪ್ಪನಿಗೆ 27, ಮಗನಿಗೆ 21! ಎರಡು ವರ್ಷ ಮೊದಲು ಅದೇ ಕಥೆ ನ್ಯೂಯಾರ್ಕಿನಲ್ಲಿ ಗ್ರೂಪ್ ಥಿಯೇಟರ್ ಅನ್ನುವ ತಂಡದ ನಾಟಕವಾಗಿ ಬಂದಾಗ, ಕಾಬ್ ಆ ಅಪ್ಪನ ನೆರೆಯವನ ಪಾತ್ರದಲ್ಲಿದ್ದರು. ಅಂದರೆ ಪಕ್ಕದಲ್ಲೇ ನಿಂತು ಆ ಅಪ್ಪನನ್ನು ರಾತ್ರಿ ರಾತ್ರಿ ನೋಡಿದ್ದರು. ಮೇಕಪ್ ಬಗ್ಗೆ ಕೇಳುವವರು ಯಾರೂ ಈ ಮಾತು ಎತ್ತುವುದಿಲ್ಲ.

ಮೊದಲು ದನಿಯ ವಿಷಯ ಮುಗಿಸುತ್ತೇನೆ. ದನಿ ನಡುಗಿಸಬೇಡಿ. ಗಂಟಲು 'ಒಡೆಯುತ್ತೇವೆ' ಅಂತ ಹುಡುಗರನ್ನು ರಾತ್ರಿಯಿಡೀ ಕಿರುಚಿಸುವ ವಾರಾಂತ್ಯದ ಶಿಬಿರಗಳಿವೆ. ಅಂಥ ಒಂದು ಕಡೆಯಿಂದ ನನ್ನ ಹತ್ತಿರ ಬಂದ ಹುಡುಗನೊಬ್ಬನಿಗೆ ಮೂರು ತಿಂಗಳು ಸರಿಯಾಗಿ ಮಾತೇ ಹೊರಡಲಿಲ್ಲ. ದುಡ್ಡು ಕೊಟ್ಟು ಗಂಟಲು ಹಾಳು ಮಾಡಿಕೊಂಡು ಬಂದಿದ್ದ. ದನಿ ಒಡೆದು ಎರಡು ವಾರವಾದರೂ ಸರಿಹೋಗದಿದ್ದರೆ ಕಷಾಯ, ಜೇನುತುಪ್ಪ ಅಂತ ಕೂರಬೇಡಿ, ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ನಿಮ್ಮ ಮನೆಯಲ್ಲಿ 65ರ ಹಿರಿಯರು ಇದ್ದಾರಲ್ಲ, ಅವರ ದನಿ ನಡುಗುತ್ತದಾ? ಹತ್ತರಲ್ಲಿ ಒಂಬತ್ತು ಮನೆಯಲ್ಲಿ ಇಲ್ಲ. ನಡುಗುವ ದನಿ, ಬಾಗಿದ ಬೆನ್ನು, ಕೈಯಲ್ಲೊಂದು ಕೋಲು, ಇದೆಲ್ಲ ಒಂದು ನಾಟಕದಿಂದ ಇನ್ನೊಂದು ನಾಟಕಕ್ಕೆ ನಕಲಾಗುತ್ತಾ ಬಂದ ಮುದುಕ. ಮನೆಯಲ್ಲಿ ಎಲ್ಲೂ ಸಿಗುವುದಿಲ್ಲ.

ಮೇಕಪ್ಪೂ ಅಷ್ಟೇ. ನಾನು 26ರಲ್ಲಿ ಅಜ್ಜನ ಪಾತ್ರ ಮಾಡಿದ್ದೆ. ತಲೆಗೆ ಒಂದು ಡಬ್ಬಿ ಟಾಲ್ಕಮ್ ಪೌಡರ್ ಸುರಿದಿದ್ದರು. ಎರಡನೇ ದೃಶ್ಯದಲ್ಲಿ ಬೆವರಿಗೆ ಅದು ಹಣೆಗೆ ಇಳಿಯಿತು. ಆ ರಾತ್ರಿ ನಾನು ಮಾಡಿದ್ದು ಅಜ್ಜನ ಪಾತ್ರ ಆಗಲೇ ಇಲ್ಲ, ಪೌಡರ್ ಕಾಪಾಡುವ ಕೆಲಸವಷ್ಟೇ ಆಯಿತು.

ಈಗ ಕಾಬ್. ಅವರ ದೊಡ್ಡ ಪಾತ್ರ ಆರ್ಥರ್ ಮಿಲ್ಲರ್ ಅವರ 'ಡೆತ್ ಆಫ್ ಎ ಸೇಲ್ಸ್‌ಮನ್' ನಾಟಕದ ವಿಲ್ಲಿ ಲೋಮನ್, ಊರೂರು ಸುತ್ತಿ ಸರಕು ಮಾರುವ ಸೇಲ್ಸ್‌ಮನ್. 1949ರ ಫೆಬ್ರವರಿ 10, ಮೊರಾಸ್ಕೊ ಥಿಯೇಟರ್, ನಿರ್ದೇಶನ ಎಲಿಯಾ ಕಜಾನ್. ವಿಲ್ಲಿಗೆ 63, ಕಾಬ್‌ಗೆ 37. ಇಪ್ಪತ್ತಾರು ವರ್ಷದ ಅಂತರ. ಮಿಲ್ಲರ್ ತಲೆಯಲ್ಲಿದ್ದ ವಿಲ್ಲಿ ಕುಳ್ಳಗೆ ಸಣ್ಣಗಿದ್ದವನು. ಬಂದವರು ಕಾಬ್, ಆನೆಯಂಥ ದೇಹ. ಮಿಲ್ಲರ್ ಏನು ಮಾಡಿದರು ಗೊತ್ತಾ? ಯಾರೋ ವಿಲ್ಲಿಯನ್ನು 'ಸೀಗಡಿ' ಅಂತ ಹಂಗಿಸುವ ಮಾತನ್ನು 'ವಾಲ್ರಸ್' ಅಂತ ಬದಲಿಸಿದರು. ಕಡಲಲ್ಲಿರುತ್ತದಲ್ಲ, ದಪ್ಪ ಮೈಯ, ಕೋರೆಹಲ್ಲಿನ ಪ್ರಾಣಿ, ಅದು. 1984ರಲ್ಲಿ ಸಣ್ಣ ಮೈಕಟ್ಟಿನ ಡಸ್ಟಿನ್ ಹಾಫ್‌ಮನ್ ಅದೇ ಪಾತ್ರ ಮಾಡಿದಾಗ ಮತ್ತೆ 'ಸೀಗಡಿ' ವಾಪಸ್ ಬಂತು. ನೋಡಿ, ಬರೆದವರೇ ನಟನ ಮೈಯನ್ನು ಮುಚ್ಚಲು ಹೋಗಲಿಲ್ಲ. ನೀವು ಯಾಕೆ ನಿಮ್ಮ ಮೈಯನ್ನು ಅಡಗಿಸಲು ಒದ್ದಾಡುತ್ತೀರಿ?

ಆ ನಾಟಕ ಶುರುವಾಗುವುದೇ ವಿಲ್ಲಿ ರಾತ್ರಿ ಮನೆಗೆ ಬರುವುದರಿಂದ. ಎರಡೂ ಕೈಯಲ್ಲಿ ಸ್ಯಾಂಪಲ್ ತುಂಬಿದ ದೊಡ್ಡ ಪೆಟ್ಟಿಗೆಗಳು. ಬೀಗ ತೆಗೆದು ಅಡುಗೆಮನೆಗೆ ಬರುತ್ತಾನೆ, ಪೆಟ್ಟಿಗೆ ಕೆಳಗಿಡುತ್ತಾನೆ, ಅಂಗೈ ನೋಯುತ್ತಿರುವುದು ಆಗ ಅವನಿಗೆ ಗೊತ್ತಾಗುತ್ತದೆ. ಇದು ಮಿಲ್ಲರ್ ಬರೆದ ಸೂಚನೆಯಲ್ಲೇ ಇದೆ. ಕೂದಲು ಎಷ್ಟು ಬೆಳ್ಳಗಿರಬೇಕು ಅಂತ ಅವರು ಅಲ್ಲಿ ತಲೆ ಕೆಡಿಸಿಕೊಂಡಿಲ್ಲ, ಅಂಗೈ ನೋವನ್ನು ಬರೆದಿದ್ದಾರೆ. ನಿಮ್ಮ ಪಾತ್ರದ ಅಪ್ಪ ಏನು ಹೊತ್ತುಕೊಂಡು ಬರುತ್ತಾನೆ? ಅದನ್ನು ಹುಡುಕಿ. ಸಿಕ್ಕಿದ ಮೇಲೆ ಎರಡು ಚೀಲಕ್ಕೆ ಏಳೆಂಟು ಕೆಜಿ ಅಕ್ಕಿ ತುಂಬಿ, ಲಿಫ್ಟ್ ಬಿಟ್ಟು ಎರಡು ಮಹಡಿ ಹತ್ತಿ ಬನ್ನಿ. ಚೀಲ ಕೆಳಗಿಡಿ. ಅಂಗೈ ನೋಡಿಕೊಳ್ಳಿ. ಆಮೇಲೆ ನಿಮ್ಮ ಮೊದಲ ಮಾತು ಹೇಳಿ. ಬೆನ್ನುನೋವು, ಹೃದಯದ ತೊಂದರೆ ಇದ್ದವರು ಇದನ್ನು ಮಾಡಬೇಡಿ, ಇದನ್ನೂ ಬಾಯಿಬಿಟ್ಟು ಹೇಳಬೇಕಾಗಿದೆ.

ಇನ್ನೊಂದು ಮಾತು. ವಯಸ್ಸಾದವರು ವಯಸ್ಸನ್ನು ತೋರಿಸುವುದಿಲ್ಲ, ಮುಚ್ಚಿಡಲು ನೋಡುತ್ತಾರೆ. ಸಿಟಿ ಬಸ್ಸಿನಲ್ಲಿ ಗಮನಿಸಿ. 70ರ ಯಜಮಾನರು ತಮ್ಮ ಸ್ಟಾಪಿಗೆ ಒಂದು ಸ್ಟಾಪ್ ಮೊದಲೇ ಎದ್ದು ಕಂಬಿ ಹಿಡಿದು ನಿಂತಿರುತ್ತಾರೆ. ಏಳಲು ಹೊತ್ತಾಗುತ್ತದೆ ಅಂತ ಅವರಿಗೆ ಗೊತ್ತು, ಬೇರೆಯವರಿಗೆ ಗೊತ್ತಾಗಬಾರದು ಅಷ್ಟೇ. ಆ ಮೊದಲೇ ಏಳುವ ಲೆಕ್ಕಾಚಾರ ನಿಮಗೆ ಸಿಕ್ಕರೆ ಒಂದು ಗೆರೆ ಬಣ್ಣವೂ ಬೇಡ.

ತಾಲೀಮಿನ ವಿಷಯಕ್ಕೂ ಬರುತ್ತೇನೆ, ಯಾಕೆಂದರೆ ಮೂರನೇ ದಿನಕ್ಕೇ 'ಪಾತ್ರ ಬರುತ್ತಿಲ್ಲ ಸಾರ್' ಅಂತ ಬರೆಯುವವರು ಜಾಸ್ತಿ. ಸೇಲ್ಸ್‌ಮನ್ ತಾಲೀಮಿನಲ್ಲಿ ಕಾಬ್ ದಿನಗಟ್ಟಲೆ ಕುರ್ಚಿಯಲ್ಲಿ ಕುಸಿದು ಕೂತು ಮಾತುಗಳನ್ನು ಸುಮ್ನೆ ಗೊಣಗುತ್ತಿದ್ದರಂತೆ. ಎಲ್ಲರಿಗೂ ಚಿಂತೆ. ಒಂದು ದಿನ ಎದ್ದು ನಿಂತು, ಹೆಂಡತಿಯ ಪಾತ್ರದ ಮಿಲ್ಡ್ರೆಡ್ ಡನ್ನಕ್ ಕಡೆ ನೋಡಿ ಮಾತು ಶುರು ಮಾಡಿದರು. ಊರಲ್ಲಿ ಜನ ಜಾಸ್ತಿಯಾದರು ಅಂತ ವಿಲ್ಲಿ ಗೊಣಗುವ ಮಾಮೂಲಿ ಮಾತು ಅದು. ವಿಲ್ಲಿ ಅಲ್ಲೇ ನಿಂತಿದ್ದ ಅಂತ ಮಿಲ್ಲರ್ ಆಮೇಲೆ ಬರೆದುಕೊಂಡಿದ್ದಾರೆ. ಇದನ್ನು ಓದಿ ನೀವೂ ಎರಡು ವಾರ ಗೊಣಗುತ್ತಾ ಕೂರಬೇಡಿ. ಕಾಬ್ ಹಿಂದೆ ಗ್ರೂಪ್ ಥಿಯೇಟರ್‌ನ ವರ್ಷಗಳಿದ್ದವು. ನಿಮಗೆ ಮಾತು ಬಾಯಿಪಾಠ ಆಗಿರಲಿ, ಅವಸರ ಮಾತ್ರ ಬೇಡ.

ಕಡೆಯದಾಗಿ ನನ್ನ ಸ್ವಂತ ಅಭಿಪ್ರಾಯ, ಒಪ್ಪದಿದ್ದರೂ ಸರಿ: ಎರಡು ತಿಂಗಳ ತಾಲೀಮು ಸಿಗದಿದ್ದರೆ 30 ವರ್ಷ ದೊಡ್ಡ ಪಾತ್ರ ಒಪ್ಪಬೇಡಿ. ನನ್ನ ವಿದ್ಯಾರ್ಥಿಗಳಿಗೆ ನಾನು ಬಿಡುವುದಿಲ್ಲ.

ಕಾಬ್ ಹೀರೋ ಆಗಲು ಹೋಗಿ ಆಗದೆ ಪೋಷಕ ನಟ ಆದವರಾ?

ಇಲ್ಲ. ಪೋಷಕ ನಟ ಅಂದರೆ ಸೋತ ಹೀರೋ ಅನ್ನುವುದನ್ನು ಯಾರು ನಿಮ್ಮ ತಲೆಗೆ ತುಂಬಿದರೋ, ಅವರ ಮಾತು ಕೇಳುವುದು ಬಿಡಿ.

ವಿಲ್ಲಿ ಪಾತ್ರದ ದುಃಖದಿಂದಲೇ ಅವರಿಗೆ ಹೃದಯಾಘಾತ ಆಯಿತಂತೆ, ನಿಜವೇ?

ನಾಟಕ 1949, ಹೃದಯಾಘಾತ 1955. ನಡುವೆ ಆರು ವರ್ಷ! ನಿದ್ದೆಗೆಟ್ಟು, ಊಟ ಬಿಟ್ಟು 'ಪಾತ್ರದೊಳಗೆ ಹೋಗಿ' ಅನ್ನುವವರು ಇಂಥ ಕಥೆ ಹಬ್ಬಿಸುತ್ತಾರೆ. ಅವರ ಶಿಬಿರಕ್ಕೆ ಹೋಗಬೇಡಿ. ಆಗ ಕಾಬ್ ಅವರ ಆಸ್ಪತ್ರೆ ಖರ್ಚು ಕೊಟ್ಟಿದ್ದು ಗಾಯಕ ಫ್ರಾಂಕ್ ಸಿನಾತ್ರಾ, ಅದು ನಿಜ.

ಅವರು ಸಹೋದ್ಯೋಗಿಗಳ ಹೆಸರು ಹೇಳಿದವರು. ಅವರ ಸಿನಿಮಾ ನೋಡಬೇಕಾ?

ಇದು ನ್ಯಾಯವಾದ ಪ್ರಶ್ನೆ. ಅಮೆರಿಕದಲ್ಲಿ ಕಮ್ಯುನಿಸ್ಟರನ್ನು ಬೇಟೆಯಾಡುತ್ತಿದ್ದ ಕಾಲ. ಸಂಸತ್ತಿನ ಸಮಿತಿಯ ಒತ್ತಡವನ್ನು ಕಾಬ್ ಸುಮಾರು ಎರಡು ವರ್ಷ ತಡೆದರು. ಕೆಲಸ ಇಲ್ಲ, ದುಡ್ಡಿಲ್ಲ, ಹೆಂಡತಿ ಆಸ್ಪತ್ರೆಯಲ್ಲಿ. 1953ರಲ್ಲಿ ಇವರು ಕಮ್ಯುನಿಸ್ಟರು ಅಂತ ಆ ಸಮಿತಿಗೆ 20 ಜನರ ಹೆಸರು ಕೊಟ್ಟರು. ಮರುವರ್ಷವೇ 'ಆನ್ ದ ವಾಟರ್‌ಫ್ರಂಟ್' ಬಂತು. ಅದರ ನಿರ್ದೇಶಕ ಕಜಾನ್, ಕಥೆ ಬರೆದ ಬಡ್ ಶುಲ್ಬರ್ಗ್, ಇಬ್ಬರೂ ಹೆಸರು ಹೇಳಿದವರೇ. ಆ ಕಥೆಯ ನಾಯಕ ಸಾಕ್ಷಿ ಹೇಳಿ ಗೆಲ್ಲುತ್ತಾನೆ, ಕಾಬ್ ಮಾತ್ರ ಆ ಸಾಕ್ಷಿ ಯಾರ ವಿರುದ್ಧವೋ ಆ ಬಂದರು ದಾದಾ. ಆ ಪಾತ್ರಕ್ಕೆ ಅವರ ಹೆಸರು ಆಸ್ಕರ್‌ಗೆ ಹೋಯಿತು. ಆ 20 ಜನರ ಮನೆಯಲ್ಲಿ ಏನಾಯಿತು ಅಂತ ಯೋಚಿಸಿದರೆ ನನಗೆ ಇವತ್ತಿಗೂ ಸಂಕಟ. ಕ್ಷಮಿಸುವುದು ನನ್ನ ಕೈಯಲ್ಲಿಲ್ಲ, ಅದು ಅವರಿಗೆ ಸೇರಿದ್ದು. ನಾನು ನೋಡುತ್ತೇನೆ, ಇದನ್ನು ಮರೆಯದೆ ನೋಡುತ್ತೇನೆ.

ಆಸ್ಕರ್ ಎಷ್ಟು ಸಲ ಗೆದ್ದರು?

ಒಂದೂ ಇಲ್ಲ. ಎರಡು ನಾಮನಿರ್ದೇಶನ, ಎರಡನೆಯದು 'ದ ಬ್ರದರ್ಸ್ ಕರಮಝೋವ್'ಗೆ. ಮುಂದಿನ ಪ್ರಶ್ನೆ.

'12 ಆಂಗ್ರಿ ಮೆನ್'ನಲ್ಲಿ ಅವರು ಬರೀ ಕಿರುಚುತ್ತಾರೆ. ಅದರಲ್ಲಿ ಏನು ದೊಡ್ಡದು?

ಕೊಲೆ ಆರೋಪ ಹೊತ್ತ ಹುಡುಗನ ತೀರ್ಪಿಗೆ ಕೂತ 12 ಜ್ಯೂರಿಗಳ ಕಥೆ ಅದು; ಹುಡುಗ ತಪ್ಪಿತಸ್ಥ ಅಂತ ಕೊನೆವರೆಗೂ ಹಟ ಹಿಡಿಯುವ ಜ್ಯೂರಿ ಕಾಬ್. ಮತ್ತೆ ನೋಡಿ, ಈ ಸಲ ಫೋಟೋ ಮೇಲೆ ಕಣ್ಣಿಡಿ. ಶುರುವಿನಲ್ಲೇ ಅವರು ಮಗನ ಫೋಟೋ ತೆಗೆದು ಇನ್ನೊಬ್ಬ ಜ್ಯೂರಿಯಾದ ಹೆನ್ರಿ ಫೊಂಡಾಗೆ ತೋರಿಸುತ್ತಾರೆ, ಮಗ ಜಗಳವಾಡಿ ಮನೆ ಬಿಟ್ಟಿದ್ದಾನೆ. ಆಮೇಲೆ ಗಂಟೆಗೂ ಹೆಚ್ಚು ಹೊತ್ತು ಆ ಫೋಟೋ ಸುದ್ದಿಯೇ ಇಲ್ಲ. ಕೊನೆಗೆ ಎಲ್ಲರೂ ವಿರುದ್ಧ ತಿರುಗಿದಾಗ, ಕಿರುಚಾಟದ ನಡುವೆ ಅದು ಮೇಜಿನ ಮೇಲೆ ಬೀಳುತ್ತದೆ. ಕಾಬ್ ಅದನ್ನು ನೋಡುತ್ತಾರೆ, ಹರಿದು ಹಾಕುತ್ತಾರೆ, ಅಳುತ್ತಾರೆ. ಅಷ್ಟು ಹೊತ್ತಿನ ಕಿರುಚಾಟ ಯಾರ ಮೇಲೆ ಅಂತ ಆಗ ಗೊತ್ತಾಗುತ್ತದೆ. ಫೋಟೋ ಹರಿಯುವ ಕೈ ಮೊದಲು ಏನು ಮಾಡುತ್ತದೆ, ಹರಿದ ಮೇಲೆ ಏನು ಮಾಡುತ್ತದೆ, ನಿಧಾನಕ್ಕೆ ನೋಡಿ.

ಅವರ ವಿಲ್ಲಿಯನ್ನು ನೋಡಲು ಈಗ ಸಾಧ್ಯವೇ? 1951ರ ಸಿನಿಮಾದಲ್ಲಿ ಇದ್ದಾರಾ?

ಅದರಲ್ಲಿರುವುದು ಫ್ರೆಡ್ರಿಕ್ ಮಾರ್ಚ್. ಕಾಬ್ ಅವರ ವಿಲ್ಲಿ ಬೇಕಿದ್ದರೆ 1966ರಲ್ಲಿ ಅಮೆರಿಕದ ಟಿವಿಗೆ ಮಾಡಿದ್ದನ್ನು ಹುಡುಕಿ. ಹೆಂಡತಿಯಾಗಿ ಮತ್ತೆ ಅದೇ ಮಿಲ್ಡ್ರೆಡ್ ಡನ್ನಕ್ ಇದ್ದಾರೆ, ಪಕ್ಕದ ಮನೆ ಹುಡುಗನಾಗಿ ಇನ್ನೂ ಹೆಸರು ಮಾಡಿರದ ಜೀನ್ ವೈಲ್ಡರ್. ಆ ಹೊತ್ತಿಗೆ ಕಾಬ್‌ಗೆ 54. ಪಾತ್ರಕ್ಕಿಂತ ಇನ್ನೂ ಒಂಬತ್ತು ವರ್ಷ ಚಿಕ್ಕವರು, ಹತ್ತು ವರ್ಷದ ನಂತರ 64ಕ್ಕೆ ತೀರಿಕೊಂಡರು. ಅಂದರೆ ವಿಲ್ಲಿಯ ವಯಸ್ಸು ದಾಟಿ ಅವರಿಗೆ ಸಿಕ್ಕಿದ್ದು ಒಂದೇ ವರ್ಷ. ನೋಡುವಾಗ ಕೂದಲು, ಸುಕ್ಕು ಲೆಕ್ಕ ಹಾಕಬೇಡಿ. ಅವರು ಹೇಗೆ ಕೂರುತ್ತಾರೆ, ಎಷ್ಟು ಹೊತ್ತಿಗೆ ಏಳುತ್ತಾರೆ, ಅಷ್ಟನ್ನು ನೋಡಿ. ಆಮೇಲೆ ಬೇಕಿದ್ದರೆ ಪ್ರಶ್ನೆ ಕಳಿಸಿ.