ಎಡಗಾಲಿನ ನೀಕ್ಯಾಪ್ ಮೊದಲು

ಪ್ರಶ್ನೆ: ಮಗ ಕಾಲೇಜು ಕಬಡ್ಡಿ ತಂಡದಲ್ಲಿದ್ದಾನೆ, ಎನ್‌ಸಿಸಿಯಲ್ಲೂ ಇದ್ದಾನೆ. ಪಂದ್ಯಕ್ಕೆ ಮುಂಚೆ ಎಡಗಾಲಿನ ನೀಕ್ಯಾಪೇ ಮೊದಲು ಹಾಕಬೇಕು, ಒಳಗೆ ಅದೇ ಹಳೇ ಬನಿಯನ್ ಇರಬೇಕು, ಅಂಕಣ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಕೇಳಿದರೆ ‘ಮಿಲಿಟರಿಯಲ್ಲೂ ಹೀಗೇ’ ಅನ್ನುತ್ತಾನೆ. ಹೌದೇ?
– ಓದುಗರೊಬ್ಬರು, ಗೌರಿಬಿದನೂರು

ಉತ್ತರ: ನೀಕ್ಯಾಪ್ ಮಟ್ಟಿಗೆ ಹೌದು, ಬನಿಯನ್ ಮಟ್ಟಿಗೆ ಅಲ್ಲ. ಎಡ ಮೊದಲೋ ಬಲ ಮೊದಲೋ ಮುಖ್ಯವಲ್ಲ. ದಿನಾ ಒಂದೇ ಕ್ರಮವಿದ್ದರೆ ಎದೆ ಢವಢವ ಎನ್ನುವಾಗಲೂ ಕೈ ತಪ್ಪುವುದಿಲ್ಲ. ಸೈನಿಕನ ತಯಾರಿ ನಿಂತಿರುವುದೇ ಇದರ ಮೇಲೆ.

ರೈಫಲ್ ಕ್ಲೀನ್ ಮಾಡುವುದು ಹೇಗೆಂದು ಮಗನನ್ನೇ ಕೇಳಿ. ಮೊದಲು ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದು, ಚೇಂಬರ್ (ಗುಂಡು ಕೂರುವ ಜಾಗ) ಖಾಲಿಯಿದೆಯೇ ಎಂದು ಕಣ್ಣಾರೆ ನೋಡಬೇಕು. ಆಮೇಲೆ ಫುಲ್‌ತ್ರೂ ಹಗ್ಗಕ್ಕೆ (ಬ್ಯಾರಲ್, ಅಂದರೆ ನಳಿಗೆಯೊಳಗೆ ತೂರಿಸಿ ಎಳೆಯುವ ಹಗ್ಗ) 4 ಇಂಚು ಉದ್ದ, 2 ಇಂಚು ಅಗಲದ ಒಣ ಚಿಂದಿ ಸಿಕ್ಕಿಸಿ, ಚೇಂಬರ್ ಕಡೆಯಿಂದ ನಳಿಗೆಯ ಬಾಯಿಯ ಕಡೆಗೆ ನಡುವೆ ನಿಲ್ಲಿಸದೆ ಎಳೆಯಬೇಕು. ಚಿಂದಿ ಮಸಿಯಿಲ್ಲದೆ ಬರುವ ತನಕ ಇದೇ ಕೆಲಸ. ಹಗ್ಗ ಓರೆಯಾದರೆ ಬ್ಯಾರಲ್‌ನ ಬಾಯಂಚು ಸವೆದು ಗುರಿ ಕೆಡುತ್ತದೆ. ಎತ್ತಿಡುವಾಗ ಎಣ್ಣೆ ಸವರಲು ಒಂದೂವರೆ ಇಂಚು ಅಗಲದ ಚಿಂದಿ ಸಾಕು; ಫೈರಿಂಗ್‌ಗೆ ಮುಂಚೆ ಆ ಎಣ್ಣೆ ಒರೆಸದಿದ್ದರೆ ಮೊದಲ ಗುಂಡು ಎಲ್ಲೋ ಹೋಗುತ್ತದೆ. ನಡುವೆ ಯಾರಾದರೂ ಕರೆದರೆ? ವಾಪಸ್ ಬಂದು ಮೊದಲಿಂದ ಶುರು ಮಾಡುವುದೇ ಕ್ಷೇಮ. ಬಿಟ್ಟಲ್ಲಿಂದ ಮುಂದುವರಿಸುವವರೇ ಒಂದು ಹಂತ ನುಂಗಿಬಿಡುವುದು.

ಬನಿಯನ್‌ಗೆ ಅಂಥ ಕೆಲಸವೇನಿಲ್ಲ. ಅದು ಒಗೆದು ಒಣಗದ ದಿನ ಹುಡುಗ ಅರ್ಧ ಸೋತೇ ಅಂಕಣಕ್ಕಿಳಿಯುತ್ತಾನೆ. (ಸ್ಟೀವ್ ವಾ ಅಂಥವರೇ ಕೆಂಪು ಕರ್ಚೀಫ್ ಜೇಬಿನಲ್ಲಿಟ್ಟುಕೊಂಡು ಆಡುತ್ತಿದ್ದರು, ಹಾಗಾಗಿ ಹುಡುಗನನ್ನು ಬೈಯಬೇಡಿ.) ಪ್ರಾಕ್ಟೀಸ್‌ನಲ್ಲಿ ಬೇಕೆಂದೇ ಬೇರೆ ಬೇರೆ ಬನಿಯನ್ ಹಾಕಿಸಿ. ಉಗುರು ಕತ್ತರಿಸಿದೆಯೇ, ಮೈಗೆ ಎಣ್ಣೆ ಅಂಟಿದೆಯೇ, ಶೂ ಲೇಸ್ ಬಿಗಿಯಿದೆಯೇ ಎಂದು ನೋಡಿಕೊಳ್ಳುವುದನ್ನು ಆ ಜಾಗಕ್ಕೆ ಸೇರಿಸಲಿ. ಅಂಕಣ ಮುಟ್ಟುವುದು ಇರಲಿ, ಅಷ್ಟರಲ್ಲಿ ಒಂದು ದೀರ್ಘ ಉಸಿರಾದರೂ ಆಗುತ್ತದೆ.

ಪ್ರಶ್ನೆ: ಪಂದ್ಯಕ್ಕೆ ಮೊದಲು ತಂಡ ಒಟ್ಟಾಗಿ ಕೂಗುವುದೂ ರೆಜಿಮೆಂಟಿನ ಯುದ್ಧಘೋಷವೂ ಒಂದೇನಾ ಸಾರ್?
– ಕಾಲೇಜು ವಿದ್ಯಾರ್ಥಿ, ತಿಪಟೂರು

ಉತ್ತರ: ಕೂಗು ಒಂದೇ, ಹೊತ್ತು ಬೇರೆ. ಮದ್ರಾಸ್ ರೆಜಿಮೆಂಟಿನ ‘ವೀರ ಮದ್ರಾಸಿ, ಅಡಿ ಕೊಲ್ಲು, ಅಡಿ ಕೊಲ್ಲು’ ಶತ್ರುವಿನ ಮೇಲೆ ನುಗ್ಗುವಾಗಿನ ಘೋಷ. ಗಸ್ತಿಗೆ ಹೊರಡುವಾಗ ಸದ್ದೇ ಆಗಬಾರದು. ಎಲ್ಲ ಕಟ್ಟಿಕೊಂಡು ನಿಂತಲ್ಲೇ ಎರಡು ಸಲ ಜಿಗಿದು, ಏನಾದರೂ ಗಲಗಲ ಎಂದರೆ ಅದಕ್ಕೆ ಟೇಪ್ ಸುತ್ತುತ್ತಾರೆ. ಅರ್ಧ ತುಂಬಿದ ನೀರಿನ ಬಾಟಲಿಯೂ ಕುಲುಕಿ ಸದ್ದು ಮಾಡುತ್ತದೆ, ಅದಕ್ಕೇ ಕಂಠಮಟ್ಟ ತುಂಬುವುದು.

ನಿಮ್ಮ ತಂಡವೂ ಅಂಕಣಕ್ಕೆ ಇಳಿಯುವ ಕ್ಷಣದಲ್ಲಿ ಕೂಗಲಿ, ಹತ್ತು ನಿಮಿಷ ಮುಂಚೆ ಬೇಡ. ಸೇನೆಯ ಭರ್ತಿ ರ್‍ಯಾಲಿಯ 1.6 ಕಿ.ಮೀ. ಓಟಕ್ಕೆ ನಿಂತಾಗಲಂತೂ ಬಾಯಿ ಮುಚ್ಚಿಕೊಂಡಿರುವುದೇ ಲೇಸು. ಕೂಗಿದ ಜೋಷಿನಲ್ಲಿ ಮೊದಲ ಸುತ್ತನ್ನೇ 70 ಸೆಕೆಂಡಿಗೆ ಓಡಿದವರು ಮೂರನೇ ಸುತ್ತಿಗೆ ಏದುಸಿರು ಬಿಡುತ್ತಾರೆ. 5 ನಿಮಿಷ 30 ಸೆಕೆಂಡಿಗೆ ಮುಗಿಸಬೇಕೆಂದರೆ 400 ಮೀಟರ್ ಟ್ರ್ಯಾಕಿನ ನಾಲ್ಕೂ ಸುತ್ತು ತಲಾ 82 ಸೆಕೆಂಡಿನ ಆಸುಪಾಸಿನಲ್ಲಿರಲಿ.